ಮೋಟಾರ್ ಹೋಮಿನಲ್ಲಿ ಬಿಟ್ಟುಹೋದ ಚಾಪೆ

ನಮ್ಮ ಹಳೆಯ ಯಾರ್ಡಿನಲ್ಲಿ ಈಗ ಸೇಲ್ಸಿಗೆ ಸೇರಿರುವ ಹೊಸಬರು ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದಾರೆ. ನಿವೃತ್ತನಾದ ನನ್ನನ್ನೂ ಅದರೊಳಗೆ ಎಳೆದು ಹಾಕಿದ್ದಾರೆ. ಹೋದ ವಾರ ಅವರಲ್ಲೊಬ್ಬರು ಬರೆದರು: "ಶೇಖರಣ್ಣ, ನೀವು ಇಪ್ಪತ್ತಾರು ವರ್ಷ ಮಾಡಿದವರು. ರೇಟ್ ಹೇಗೆ ಹಿಡಿಯುವುದು, ಗಿರಾಕಿ ಯಾವಾಗ ಒಪ್ತಾನೆ, ಸ್ವಲ್ಪ ಟಿಪ್ಸ್ ಕೊಡಿ."

ಟಿಪ್ಸಿಗೆ ಏನು ಬರಗಾಲ? ಬೇಕಾದಷ್ಟು ಉಂಟು. ಅದನ್ನೆಲ್ಲ ಕೊಟ್ಟರೆ ನೀವೂ ನನ್ನ ಹಾಗೆ ಆಗುತ್ತೀರಿ ಎನ್ನುವುದೇ ನನ್ನ ಹೆದರಿಕೆ. ನಾನೀಗ ಗಲ್ಫಿನಲ್ಲೇ, ಯಾರ್ಡ್ ಇರುವ ಬರ್ಕಾದಲ್ಲೇ ಮಗಳ ಮನೆಯಲ್ಲಿದ್ದೇನೆ. ಅವಳು ಶಾಲೆಗೆ ಪಾಠ ಮಾಡಲು ಹೋಗುತ್ತಾಳೆ, ಮೊಮ್ಮಗಳು ನಾನು ತುಳುವಿನಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಹಗಲೆಲ್ಲ ಮನೆಯಲ್ಲಿ ಒಬ್ಬನೇ ಇರುತ್ತೇನೆ, ಹಾಗಾಗಿ ಬರೆಯಲು ಪುರುಸೊತ್ತು ಇದೆ. ನಾನು ಸೀನಿಯರ್ ಆದದ್ದು ಯಾವಾಗ ಎಂದು ನನಗೇ ನೆನಪಿಲ್ಲ, ಅದನ್ನು ಬರೆಯುವುದಿಲ್ಲ.

ಮೊದಲು ಸರಕಿನ ವಿಷಯ. ನಾವು ಮಾರುವುದು ಚಕ್ರದ ಮೇಲಿನ ಮನೆ. ಅದರಲ್ಲಿ ಎರಡು ಜಾತಿ. ಕಾರಿನ ಹಿಂದೆ ಕಟ್ಟಿ ಎಳೆಯುವುದು ಕಾರವಾನ್. ತನ್ನದೇ ಎಂಜಿನ್ ಇರುವುದು ಮೋಟಾರ್ ಹೋಮ್. ಎರಡರಲ್ಲೂ ಹಾಸಿಗೆ, ಒಲೆ, ಕಕ್ಕಸು, ಎಸಿ ಎಲ್ಲ ಇರುತ್ತದೆ. ವ್ಯತ್ಯಾಸ ಏನೆಂದರೆ, ಗಾಡಿ ಓಡುವಾಗ ಕಾರವಾನಿನ ಒಳಗೆ ಜನ ಇರಬಾರದು. ಮೋಟಾರ್ ಹೋಮಿನಲ್ಲಾದರೆ ಪ್ರಯಾಣ ಮಾಡುತ್ತಲೇ ಮಲಗಿಸಿಕೊಂಡು ಹೋಗಬಹುದು. ಇದನ್ನು ಸರಿಯಾಗಿ ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಕೊಳ್ಳುವ ಕಾಲ. ಗಿರಾಕಿಗಳು ಎಲ್ಲರೂ ಕೇಳುವುದು ಇದನ್ನೇ, ಯಾವಾಗ ಕೊಂಡರೆ ಅಗ್ಗ ಎಂದು. ನಾವು ಯಾರಿಗೂ ನಿಜ ಹೇಳಿದ್ದಿಲ್ಲ. ನಿಜ ಇಷ್ಟೇ: ಸೆಪ್ಟೆಂಬರ್ ಕೊನೆಗೆ ಕೊಳ್ಳಬೇಕು. ಜೂನ್ ಕೊನೆಯಿಂದ ಮೂರು ತಿಂಗಳು ಸಲಾಲಾದ ಗುಡ್ಡಗಳ ಮೇಲೆ ಸೋನೆ ಬೀಳುತ್ತದೆ, ಇಲ್ಲಿಯವರು ಖರೀಫ್ ಎನ್ನುವುದು ಅದಕ್ಕೇ. ಇಡೀ ದೇಶ ಸುಡುತ್ತಿರುವಾಗ ಆ ಒಂದು ಮೂಲೆ ಹಸಿರಾಗುತ್ತದೆ. ಮೇ ತಿಂಗಳಲ್ಲೇ ಜನ ಅದಕ್ಕಾಗಿ ಯಾರ್ಡಿಗೆ ಬರಲು ಶುರು. ಗಾಳಿ ಬಂದಾಗ ತೂರಿಕೋ ಎಂದು ನಾವು ಬೆಲೆ ಏರಿಸುತ್ತೇವೆ. ಖರೀಫ್ ಮುಗಿದ ಕೂಡಲೇ ಅದೇ ಜನ ಅದೇ ಗಾಡಿಯನ್ನು ಮಾರಲು ತರುತ್ತಾರೆ. ಯಾರ್ಡ್ ತುಂಬುತ್ತದೆ, ಬೆಲೆ ಇಳಿಯುತ್ತದೆ. ಆಮೇಲೆ ಅಕ್ಟೋಬರ್ ಕೊನೆಗೆ ಸ್ವಲ್ಪ ತಂಪಾದರೆ ಮರಳುಗಾಡಿಗೆ ಹೋಗುವವರು ಬರುತ್ತಾರೆ, ಮತ್ತೆ ಏರುತ್ತದೆ. ಕೊಳ್ಳುವವನಿಗೆ ನಡುವೆ ಇರುವುದು ನಾಲ್ಕೇ ವಾರ.

ಕೊಂಡವರು ಅದನ್ನು ಏನು ಮಾಡಿದರು ಎಂದು ಕೇಳಬೇಡಿ. ಒಮ್ಮೆ ಸಲಾಲಾ, ಎರಡು ಸಲ ಸಮುದ್ರದ ದಂಡೆ, ಮುಗಿಯಿತು. ಆಮೇಲೆ ತೋಟದ ಮೂಲೆಯಲ್ಲಿ ನಿಲ್ಲಿಸುತ್ತಾರೆ. ಬರ್ಕಾದಿಂದ ಸಹಮ್‌ವರೆಗೆ ಕರಾವಳಿಯ ಹೆದ್ದಾರಿ ಬಿಟ್ಟು ಒಳದಾರಿಯಲ್ಲಿ ಹೋಗಿ ನೋಡಿ, ನಾನು ಮಾರಿದ ಗಾಡಿಗಳು ಖರ್ಜೂರದ ತೋಟಗಳಲ್ಲಿ ನಿಂತಿವೆ. ಟೈರು ಬಿರಿದಿದೆ, ಉಪ್ಪುಗಾಳಿಗೆ ಅಡಿಭಾಗ ತುಕ್ಕು ತಿಂದಿದೆ, ಕೆಳಗೆ ಆಡುಗಳು ಮಲಗಿವೆ. ಕೆಲವದರಲ್ಲಿ ತೋಟದ ಕೆಲಸದವರು ಸಂಸಾರ ಸಾಮಾನು ಇಟ್ಟುಕೊಂಡಿದ್ದಾರೆ. ಇಪ್ಪತ್ತಾರು ವರ್ಷ ನಾನು ಮಾಡಿದ ಕೆಲಸದ ಫಲ ಇದು. ಒಂದೊಂದನ್ನೂ ಮಾರಿದ ದಿನ ನಾನು ಗೆದ್ದೆ ಅಂದುಕೊಂಡಿದ್ದೆ.

ಗೆಲ್ಲುವುದನ್ನು ಕಲಿಸಿದವರು ಹಮೀದಾಕ. ಯಾರ್ಡಿನ ಮ್ಯಾನೇಜರ್, ಉಪ್ಪಿನಂಗಡಿ ಕಡೆಯ ಬ್ಯಾರಿ, ನನಗಿಂತ ಹದಿನೈದು ವರ್ಷ ಹಿರಿಯರು. ಮಾಲೀಕರಾದ ಕಫೀಲ್ ತಿಂಗಳಿಗೊಮ್ಮೆ ಬಂದು ಕಾಫಿ ಕುಡಿದು ಹೋಗುತ್ತಿದ್ದರು, ಉಳಿದಂತೆ ಎಲ್ಲವೂ ಹಮೀದಾಕರದ್ದೇ. ನನಗೆ ಅನ್ನದ ದಾರಿ ತೋರಿಸಿದವರು ಅವರು, ಅದರಲ್ಲಿ ಎರಡು ಮಾತಿಲ್ಲ. ನನ್ನ ಹೆಂಡತಿಯ ಆಪರೇಷನ್ ಆದಾಗ ಮೂರು ದಿನ ಆಸ್ಪತ್ರೆಯ ಬಾಗಿಲಲ್ಲಿ ನನ್ನ ಜೊತೆ ಕೂತವರು. ಆದರೆ ಗಿರಾಕಿ ಗೇಟಿನೊಳಗೆ ಬಂದ ಕೂಡಲೇ ಅವರ ಮುಖ ಬೇರೆ ಆಗುತ್ತಿತ್ತು.

ಅವರ ಕಾನೂನುಗಳನ್ನು ಕೇಳಿ. ಮೊದಲ ಸಲ ಬಂದವನಿಗೆ ಕಾಫಿ, ಖರ್ಜೂರ ಕೊಡು, ಬೆಲೆಯ ವಿಷಯದಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡು. ಎರಡನೇ ಸಲ ಬಂದಾಗ ಬೆಲೆ ಹೇಳು. ಮೂರನೇ ಸಲ ಬಂದಾಗ ಇಳಿಸು. ಅವನು ಫೋನ್ ಮಾಡಿದರೆ ಮೊದಲ ಕರೆಯನ್ನು ಎತ್ತಬೇಡ. ಬೇಕಾದವ ಎರಡನೇ ಸಲ ಮಾಡುತ್ತಾನೆ, ಎರಡನೇ ಸಲ ಮಾಡಿದವ ಬೆಲೆಯಲ್ಲಿ ಬಗ್ಗುತ್ತಾನೆ. ನೀನಾಗಿ ಅವನಿಗೆ ಯಾವತ್ತೂ ಫೋನ್ ಮಾಡಬೇಡ. ಎಲ್ಲಕ್ಕಿಂತ ದೊಡ್ಡ ಕಾನೂನು ಇನ್ನೊಂದಿತ್ತು. ಗಾಡಿ ನೋಡಲು ಬಂದವ ಅದರೊಳಗೆ ಏನಾದರೂ ಬಿಟ್ಟುಹೋದರೆ, ಕನ್ನಡಕವೋ ಟೋಪಿಯೋ ಮಗುವಿನ ಚಪ್ಪಲಿಯೋ, ಅವನ ಮನಸ್ಸು ಆಗಲೇ ಗಾಡಿ ಕೊಂಡಾಗಿದೆ ಎಂದು ಅರ್ಥ. ಒಂದು ರಿಯಾಲ್ ಇಳಿಸಬೇಡ, ಬಂದೇ ಬರುತ್ತಾನೆ. ನಗಬೇಡಿ. ಇಷ್ಟು ವರ್ಷದಲ್ಲಿ ಈ ಕಾನೂನು ಒಂದು ಸಲವೂ ಸುಳ್ಳಾದದ್ದನ್ನು ನಾನು ನೋಡಿಲ್ಲ.

ನನ್ನ ದೊಡ್ಡ ಎಡವಟ್ಟು ಆದದ್ದು ಸೇರಿ ಎರಡನೇ ವರ್ಷ. ಬರ್ಕಾದಲ್ಲಿ ವರ್ಷಕ್ಕೆ ಒಂದೆರಡು ದಿನ ಮಳೆ ಬಂದರೆ ಹೆಚ್ಚು. ಗಾಡಿಯ ಮಾಡಿನ ಅಂಚಿನಲ್ಲಿ ರಬ್ಬರ್ ಬಿಸಿಲಿಗೆ ಸೀಳಿದ್ದರೂ ಇಲ್ಲಿ ಗೊತ್ತೇ ಆಗುವುದಿಲ್ಲ. ಅಂಥ ಒಂದು ಕಾರವಾನನ್ನು ಸಹಮ್‌ನ ಒಬ್ಬ ಮುದುಕರಿಗೆ ಹೊಗಳಿ ಮಾರಿದೆ. ಅವರು ಸಂಸಾರ ಕಟ್ಟಿಕೊಂಡು ಸಲಾಲಾಕ್ಕೆ ಹೋದರು. ಅಲ್ಲಿ ಸೋನೆ ಹಿಡಿದಾಗ ಎಲ್ಲರ ಹಾಸಿಗೆಯೂ ನೆನೆಯಿತು. ಹಿಂದೆ ಬಂದವರು ಜಗಳ ಮಾಡಲಿಲ್ಲ. ಸಲಾಂ ಹೇಳಿ, ಕಾಫಿ ಕುಡಿದು, ಒಳಗೆ ಬಂದು ಕೂತುಕೋ ಸದೀಕ್, ಗೆಳೆಯಾ ಎಂದು ನನ್ನನ್ನು ಕಾರವಾನಿನಲ್ಲಿ ಕೂರಿಸಿದರು. ಆಮೇಲೆ ಮಗನನ್ನು ಏಣಿ ಹತ್ತಿಸಿ ಮಾಡಿನ ಮೇಲೆ ನಾಲ್ಕು ಕ್ಯಾನ್ ನೀರು ಹೊಯ್ಯಿಸಿದರು. ನನ್ನ ಇಸ್ತ್ರಿ ಮಾಡಿದ ಅಂಗಿ, ಟೈ, ಎಲ್ಲವೂ ಒದ್ದೆ. ಮಾಡು ಸರಿ ಮಾಡಿಸಿಕೊಟ್ಟೆವು. ಆವತ್ತಿನಿಂದ ನಾನು ಯಾವ ಗಾಡಿಯನ್ನೂ ಮಾಡಿನ ಮೇಲೆ ಪೈಪಿನಿಂದ ಕಾಲು ಗಂಟೆ ನೀರು ಬಿಡದೆ ಮಾರಲಿಲ್ಲ. ನನ್ನ ವೃತ್ತಿಯಲ್ಲಿ ನಾನು ಪ್ರಾಮಾಣಿಕವಾಗಿ ಮಾಡಿದ ಕೆಲಸ ಇದೊಂದೇ ಇರಬೇಕು.

ಈಗ ನಿಮ್ಮ ಕಾಲದಲ್ಲಿ ಬೆಲೆ ಫೋನಿನಲ್ಲೇ ಕಾಣುತ್ತದೆ. ಗಿರಾಕಿ ಫೋಟೋ ನೋಡಿ 'ಲಾಸ್ಟ್ ಪ್ರೈಸ್' ಎಂದು ಎರಡು ಪದ ಕಳಿಸುತ್ತಾನೆ, ನೀವು ಒಂದು ಅಂಕಿ ಕಳಿಸುತ್ತೀರಿ, ಖಲಾಸ್. ಕಾಫಿಯೂ ಇಲ್ಲ, ಮೂರು ಭೇಟಿಯೂ ಇಲ್ಲ. ಹಳೆಯ ಪದ್ಧತಿ ಹೋಯಿತು ಎಂದು ಅಳುವವರ ಸಾಲಿನಲ್ಲಿ ನಾನಿಲ್ಲ. ಹೋದದ್ದೇ ಒಳ್ಳೆಯದಾಯಿತು. ಯಾಕೆ ಎಂದು ಹೇಳಲಿಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ನಾನು ಕೆಲಸ ಬಿಡುವುದಕ್ಕೆ ನಾಲ್ಕು ವರ್ಷ ಮೊದಲು, ಒಂದು ಮೇ ತಿಂಗಳಲ್ಲಿ, ರುಸ್ತಾಕ್‌ನ ಒಬ್ಬ ಶಾಲಾ ಮಾಸ್ತರರು ಬಂದರು. ಹೆಸರು ಸಾಲಿಂ. ಐವತ್ತರ ಆಸುಪಾಸು, ತೆಳ್ಳಗಿನ ಮನುಷ್ಯ, ಇಲ್ಲಿಯವರ ಉದ್ದನೆಯ ಬಿಳಿ ನಿಲುವಂಗಿ ದಿಶ್ದಾಶದ ಕಿಸೆಯಲ್ಲಿ ಎರಡು ಪೆನ್ನು. ನಾನು ಅವರನ್ನು ಉಸ್ತಾದ್ ಎಂದೇ ಕರೆಯುತ್ತಿದ್ದೆ, ಮಾಸ್ತರರನ್ನು ಹಾಗೆ ಕರೆಯುವುದು ಇಲ್ಲಿಯ ಮರ್ಯಾದೆ. ನನ್ನ ಬಜಾರಿನ ಅರಬ್ಬಿಯನ್ನು ಅವರು ತಾಳ್ಮೆಯಿಂದ ಕೇಳುತ್ತಿದ್ದರು, ತಪ್ಪಿದಲ್ಲಿ ಮೆಲ್ಲಗೆ ತಿದ್ದುತ್ತಿದ್ದರು.

ಅವರಿಗೆ ಮೋಟಾರ್ ಹೋಮೇ ಬೇಕಿತ್ತು. ನಮ್ಮಲ್ಲಿ ಆಗ ಇದ್ದದ್ದು ಒಂದೇ, ದುಬೈಯಿಂದ ಬಂದ ಹಳೆಯದು, ಆದರೆ ಗಟ್ಟಿ ಗಾಡಿ. ಯಾಕೆ ಬೇಕು ಎಂದು ಅವರು ಮೊದಲ ಲೋಟ ಕಾಫಿ ಮುಗಿಯುವುದರೊಳಗೆ ಹೇಳಿಬಿಟ್ಟರು. ಅವರ ತಾಯಿ ಹುಟ್ಟಿದ್ದು ಸಲಾಲಾದ ಮೇಲಿನ ಗುಡ್ಡದ ಒಂದು ಹಳ್ಳಿಯಲ್ಲಿ. ಮದುವೆಯಾಗಿ ರುಸ್ತಾಕ್‌ಗೆ ಬಂದವರು ಮಕ್ಕಳು, ತೋಟ, ಗಂಡನ ಕಾಯಿಲೆ ಎಂದು ಖರೀಫ್ ಕಾಲದಲ್ಲಿ ಒಮ್ಮೆಯೂ ಊರಿಗೆ ಹೋಗಲಾಗಿರಲಿಲ್ಲ. ಈಗ ಸೊಂಟದ ಮೂಳೆ ಮುರಿದು ಮಲಗಿದ್ದಾರೆ, ಹೃದಯವೂ ಸರಿಯಿಲ್ಲ. ವಿಮಾನ ಬೇಡ ಎಂದು ವೈದ್ಯರು ಹೇಳಿದ್ದಾರೆ. ಕಾರಿನಲ್ಲಿ ಸಾವಿರ ಕಿಲೋಮೀಟರ್ ಕೂರಲು ಆಗುವುದಿಲ್ಲ. ಮಲಗಿಸಿಕೊಂಡೇ ಕರೆದೊಯ್ಯಬೇಕು. ಅವರು ಕೇಳುವುದು ಒಂದೇ, ನಮ್ಮೂರಿನ ಮಳೆ ಮಾಡಿನ ಮೇಲೆ ಬೀಳುವ ಸದ್ದನ್ನು ಒಮ್ಮೆ ಕೇಳಬೇಕು ಎಂದು.

"ಸೆಪ್ಟೆಂಬರಿನಲ್ಲಿ ಕೊಂಡರೆ ಕಡಿಮೆಗೆ ಸಿಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ನನಗೂ ಗೊತ್ತು" ಎಂದರು ಉಸ್ತಾದ್. "ಆದರೆ ಅಮ್ಮನಿಗೆ ಸೆಪ್ಟೆಂಬರ್ ಇಲ್ಲ."

ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರಲ್ಲ, ವ್ಯಾಪಾರದಲ್ಲಿ ಇದು ಹಾಗೆ. ಕೊಳ್ಳುವವನು ತನ್ನ ಅವಸರವನ್ನು ಮಾರುವವನ ಕೈಗೆ ಕೊಡಬಾರದು. ಉಸ್ತಾದರು ಕೊಟ್ಟುಬಿಟ್ಟರು. ಅವರು ಹೋದ ಮೇಲೆ ನಾನು ಇದನ್ನೆಲ್ಲ ಹಮೀದಾಕರಿಗೆ ಹೇಳಿದೆ. ಹಮೀದಾಕ ಪಾಪ ಎಂದು ಒಂದು ಸಲ ನಿಜವಾಗಿಯೇ ಮರುಗಿದರು. ಆಮೇಲೆ ಹದಿನಾಲ್ಕು ಸಾವಿರ ರಿಯಾಲ್ ಹೇಳು, ಹದಿಮೂರರವರೆಗೆ ಬೇಕಾದರೆ ಇಳಿ, ಅದು ನಿನಗೆ ಬಿಟ್ಟದ್ದು ಎಂದರು. ಈ ಹದಿಮೂರನ್ನು ಮರೆಯಬೇಡಿ. ಅಲ್ಲಿಯವರೆಗೆ ಇಳಿಯುವ ಅಧಿಕಾರ ನನ್ನ ಕೈಯಲ್ಲಿತ್ತು.

ಎರಡನೇ ಸಲ ಬಂದಾಗ ಉಸ್ತಾದರು ಗಾಡಿ ಸೋರುತ್ತದೆಯೇ ಎಂದು ಕೇಳಿದರು. ಅದು ನನ್ನ ಹೆಮ್ಮೆಯ ವಿಷಯ. ಉರಿಬಿಸಿಲಿನಲ್ಲಿ ಪೈಪ್ ಎಳೆದುಕೊಂಡು ಬಂದು ಮಾಡಿನ ಮೇಲೆ ನೀರು ಬಿಟ್ಟೆ. ಉಸ್ತಾದರು ಒಳಗೆ ಹಾಸಿಗೆಯ ಮೇಲೆ ಕೂತರು. ಐದು ನಿಮಿಷ ಕಳೆದು ನಾನು ಬಾಗಿಲಲ್ಲಿ ಇಣುಕಿದರೆ, ಅವರು ಫೋನನ್ನು ಮಾಡಿನ ಹತ್ತಿರ ಹಿಡಿದು ನಿಂತಿದ್ದರು. ಮಾತಾಡಬೇಡ ಎಂದು ಬೆರಳು ತುಟಿಗೆ ಇಟ್ಟರು. ನೀರಿನ ಸದ್ದನ್ನು ತಾಯಿಗೆ ಕೇಳಿಸಲು ಫೋನಿನಲ್ಲಿ ತುಂಬಿಕೊಳ್ಳುತ್ತಿದ್ದರು. ಒಂದು ತೊಟ್ಟೂ ಸೋರಲಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ, ಆ ಖುಷಿಯಲ್ಲೇ ಬೆಲೆ ಹದಿನಾಲ್ಕು ಎಂದು ಹೇಳಿದೆ.

ಮೂರನೇ ಸಲ ಬರುವಾಗ ಕಂಕುಳಲ್ಲಿ ಒಂದು ಸುರುಳಿ ಇತ್ತು. ಖರ್ಜೂರದ ಗರಿಯ ಚಾಪೆ. ತಾಯಿ ಮದುವೆಯ ಮೊದಲ ವರ್ಷ ತಾವೇ ಹೆಣೆದದ್ದಂತೆ. ಒಂದು ಮೂಲೆ ಹರಿದಲ್ಲಿ ಹಸಿರು ಬಟ್ಟೆಯ ತೇಪೆ ಹಾಕಿತ್ತು. ಇದಿಲ್ಲದೆ ಅವರಿಗೆ ನಿದ್ದೆ ಬರುವುದಿಲ್ಲ, ಹಾಸಿಗೆಯ ಮೇಲೂ ಇದನ್ನೇ ಹಾಸಬೇಕು, ಈಗ ನಾಲ್ಕು ದಿನಕ್ಕೆ ಆಸ್ಪತ್ರೆಯಲ್ಲಿದ್ದಾರೆ, ಅದಕ್ಕೇ ತರಲು ಆಯಿತು ಎಂದರು. ಗಾಡಿಯ ಹಾಸಿಗೆಯ ಮೇಲೆ ಹಾಸಿ ನೋಡಿದರು. ಅಳತೆ ಮಾಡಿ ಮಾಡಿಸಿದ ಹಾಗೆ ಕೂತಿತು. ನಾವಿಬ್ಬರೂ ನಗುತ್ತಾ ಆಫೀಸಿಗೆ ಬಂದೆವು.

ಆಮೇಲೆ ಮಾತು. ನಾನು ಹದಿಮೂರೂವರೆ ಸಾವಿರಕ್ಕೆ ಇಳಿದೆ. ಅವರು ಹದಿಮೂರು ಸಾವಿರದ ಇನ್ನೂರು ಎಂದರು. ಅಣ್ಣತಮ್ಮಂದಿರು ಸೇರಿ ಒಟ್ಟು ಮಾಡಿದ್ದು ಅಷ್ಟೇ, ಇದು ನನ್ನ ಕೊನೆಯ ಮಾತು ಎಂದರು. ಕೊನೆಯ ಮಾತು ಎಂದು ನಮ್ಮ ಯಾರ್ಡಿನಲ್ಲಿ ದಿನಕ್ಕೆ ಹತ್ತು ಜನ ಹೇಳುತ್ತಿದ್ದರು, ಹೇಳಿ ಗೇಟಿನವರೆಗೆ ನಡೆದು ಹಿಂದೆ ಬರುತ್ತಿದ್ದರು. ನಾನೂ ನನ್ನದು ಕೊನೆಯ ಮಾತು ಎಂದೆ. ಉಸ್ತಾದರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕಾಫಿಯ ಬಟ್ಟಲನ್ನು ಎರಡು ಸಲ ಅಲ್ಲಾಡಿಸಿ ಕೆಳಗಿಟ್ಟರು. ಸಾಕು ಎನ್ನುವುದಕ್ಕೆ ಇಲ್ಲಿ ಹಾಗೆ ಮಾಡುತ್ತಾರೆ. ದೇವರು ನಿನಗೆ ಒಳ್ಳೆಯದು ಮಾಡಲಿ ಎಂದು ಎದ್ದು ಹೋದರು. ಗೇಟಿನಿಂದ ಹಿಂದೆ ಬರಲಿಲ್ಲ.

ನಾನು ಹಿಂದೆ ಓಡಬೇಕಿತ್ತು. ಎದ್ದೂ ಎದ್ದೆ. ಅಷ್ಟರಲ್ಲಿ ಗಾಡಿಗೆ ಬೀಗ ಹಾಕಲು ಹೋದ ಹಮೀದಾಕ ಬಾಗಿಲಲ್ಲೇ ನಿಂತು ನನ್ನನ್ನು ಕರೆದರು. ಒಳಗೆ ಹಾಸಿಗೆಯ ಮೇಲೆ ಚಾಪೆ ಹಾಸಿದ್ದ ಹಾಗೇ ಇತ್ತು.

"ನೋಡು ಮಾರಾಯ, ಬಿಟ್ಟು ಹೋಗಿದ್ದಾನೆ. ಇನ್ನು ನೀನು ಏನೂ ಮಾಡುವುದು ಬೇಡ, ಸುಮ್ಮನೆ ಕೂತುಕೋ. ಬಂದೇ ಬರ್ತಾನೆ."

ನನಗೂ ಹಾಗೇ ಅನಿಸಿತು. ಅನಿಸಿತು ಏನು, ಖಾತ್ರಿಯಾಯಿತು. ಮನುಷ್ಯ ತಾಯಿಯ ಚಾಪೆಯನ್ನೇ ಬಿಟ್ಟುಹೋಗಿದ್ದಾನೆ, ಇದಕ್ಕಿಂತ ದೊಡ್ಡ ಗುರುತು ಬೇಕೇ? ಬೇಸರದಲ್ಲಿ ಎದ್ದು ಹೋದವನಿಗೆ ಚಾಪೆಯ ನೆನಪು ಎಲ್ಲಿರುತ್ತದೆ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಇಷ್ಟು ವರ್ಷ ಮನುಷ್ಯರ ಮುಖ ಓದಿದವನು ನಾನು ಎಂದು ಜಂಬ ಪಡುತ್ತಿದ್ದೆ. ಗಾಡಿಗೆ ಬೀಗ ಹಾಕಿ ಕೀಲಿಯನ್ನು ಹಲಗೆಯ ಮೊಳೆಗೆ ತೂಗುಹಾಕಿದೆ.

ಜೂನ್ ಹೋಯಿತು. ಉಸ್ತಾದರು ಬರಲಿಲ್ಲ. ಖರೀಫ್ ಶುರುವಾಯಿತು, ನಮ್ಮ ಕಾರವಾನುಗಳು ಒಂದೊಂದೇ ಹೊರಟವು. ಮೋಟಾರ್ ಹೋಮ್ ಕೇಳಿ ಇಬ್ಬರು ಬಂದರು, ಹೊರಗಿನಿಂದಲೇ ನೋಡಿ ಹಳೆಯದು ಎಂದು ಬಿಟ್ಟು ಹೋದರು. ದಿನಾ ಬೆಳಿಗ್ಗೆ ಯಾರ್ಡಿಗೆ ಬಂದ ಕೂಡಲೇ ನನ್ನ ಕಣ್ಣು ಆ ಗಾಡಿಯ ಮೇಲೆ ಹೋಗುತ್ತಿತ್ತು. ಹೆಂಡತಿಗೆ ಒಮ್ಮೆ ಈ ಕತೆ ಹೇಳಿದೆ. ಮುನ್ನೂರು ರಿಯಾಲಿಗೆ ಹಟ ಮಾಡಿದ್ರಾ, ಒಂದು ಫೋನ್ ಮಾಡಿದರೆ ನಿಮ್ಮ ಗಂಟೇನು ಹೋಗುತ್ತದೆ ಎಂದು ಅವಳು ಬೈದಳು. ನಿನಗೆ ವ್ಯಾಪಾರ ಗೊತ್ತಿಲ್ಲ ಎಂದು ಅವಳ ಬಾಯಿ ಮುಚ್ಚಿಸಿದೆ.

ಜುಲೈ ನಡುವಿನಲ್ಲಿ ಒಂದು ಮಧ್ಯಾಹ್ನ ನಾವು ಆಫೀಸಿನಲ್ಲಿ ಊಟಕ್ಕೆ ಕೂತಿದ್ದೆವು. ಹಮೀದಾಕರ ಮನೆಯಿಂದ ಬಂಗುಡೆ ಸಾರು ಬಂದಿತ್ತು. ಮೇಜಿನ ಮೇಲಿದ್ದ ನನ್ನ ಫೋನ್ ಹೊಡೆದುಕೊಂಡಿತು. ನೋಡಿದರೆ 'ಉಸ್ತಾದ್ ರುಸ್ತಾಕ್'. ಕೈ ತೊಳೆದೂ ತೊಳೆಯದೆ ಚಾಚಿದೆ.

"ಎತ್ತಬೇಡ" ಎಂದರು ಹಮೀದಾಕ, ತುತ್ತು ಬಾಯಿಗಿಡುತ್ತಾ. "ಇನ್ನೊಂದು ಸಲ ಮಾಡ್ತಾನೆ."

ಫೋನ್ ಪೂರ್ತಿ ಹೊಡೆದುಕೊಂಡು ನಿಂತಿತು. ನಾವು ಇಬ್ಬರೂ ಅದನ್ನೇ ನೋಡುತ್ತಾ ಊಟ ಮಾಡಿದೆವು. ಅದು ಮತ್ತೆ ಹೊಡೆದುಕೊಳ್ಳಲಿಲ್ಲ. ಸಂಜೆಯವರೆಗೆ ನಾನು ಫೋನನ್ನು ಕಿಸೆಯಿಂದ ತೆಗೆದು ತೆಗೆದು ನೋಡಿದೆ. ಎರಡು ದಿನ ಬಿಟ್ಟು, ನಾನೇ ಮಾಡುತ್ತೇನೆ ಎಂದೆ. ಈಗ ನೀನು ಮಾಡಿದರೆ ಮುನ್ನೂರು ಅಲ್ಲ, ಸಾವಿರ ಹೋಯಿತು ಅಂತ ತಿಳಿದುಕೋ ಎಂದರು ಹಮೀದಾಕ. ನಾನು ಮಾಡಲಿಲ್ಲ. ಹಮೀದಾಕ ಬೇಡ ಅಂದರು ಎಂದು ಹೇಳಿ ಈಗ ಜಾರಿಕೊಳ್ಳುವುದಿಲ್ಲ. ಅವರು ನನ್ನ ಕೈ ಹಿಡಿದುಕೊಂಡಿರಲಿಲ್ಲ. ಫೋನ್ ನನ್ನದು, ಹದಿಮೂರರವರೆಗೆ ಇಳಿಯುವ ಅಧಿಕಾರವೂ ನನ್ನದು.

ಆ ಗಾಡಿ ಇಡೀ ಖರೀಫ್ ಯಾರ್ಡಿನಲ್ಲೇ ನಿಂತಿತು. ಯಾರಿಗೂ ಆಗಲಿಲ್ಲ. ನಮಗೆ ಮುನ್ನೂರು ರಿಯಾಲೂ ಸಿಗಲಿಲ್ಲ, ಮೂರು ರಿಯಾಲೂ ಸಿಗಲಿಲ್ಲ.

ಆಮೇಲೆ ನಾಲ್ಕು ವರ್ಷ ನಾನು ಕೆಲಸ ಮಾಡಿದೆ. ಯಾರು ಫೋನ್ ಮಾಡಿದರೂ ಮೊದಲ ಸಲಕ್ಕೇ ಎತ್ತುತ್ತಿದ್ದೆ. ಮಾರಾಟ ಮಾಡುವವರು, ಬ್ಯಾಂಕಿನವರು, ತಪ್ಪಿ ಮಾಡಿದವರು, ಯಾರದ್ದೂ ಬಿಡಲಿಲ್ಲ. ಈಗಲೂ ಬಚ್ಚಲಿಗೆ ಹೋಗುವಾಗ ಫೋನ್ ಜೊತೆಗಿರುತ್ತದೆ, ಮಗಳು ನಗುತ್ತಾಳೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಇದು, ನನಗೂ ಗೊತ್ತಿದೆ. ಇದರಿಂದ ಯಾರಿಗೂ ಏನೂ ಉಪಯೋಗ ಆಗಲಿಲ್ಲ. ನಿಮಗೆ ಟಿಪ್ಸ್ ಬೇಕಿತ್ತು ಅಲ್ಲವೇ? ಟೈರಿನ ಮೇಲೆ ತಯಾರಿಯ ವಾರ ಮತ್ತು ವರ್ಷ ಒತ್ತಿರುತ್ತದೆ, ಅದನ್ನು ನೋಡಿ. ಮಾಡಿನ ಮೇಲೆ ನೀರು ಬಿಡಿ. ಫೋನ್ ಎತ್ತಿ. ಇನ್ನು ಹೇಳಲು ಉಳಿದದ್ದು ಆ ಸೆಪ್ಟೆಂಬರ್ ಒಂದೇ.

ಸೆಪ್ಟೆಂಬರ್ ಕೊನೆಯ ವಾರ, ಬೆಳಿಗ್ಗೆ ಹತ್ತು ಗಂಟೆಗೆ ಉಸ್ತಾದರ ಹಳೆಯ ಕಾರು ಗೇಟಿನೊಳಗೆ ಬಂತು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಎದುರಿಗೆ ಓಡಿಹೋಗಿ ಕೈ ಹಿಡಿದು ಆಫೀಸಿಗೆ ಕರೆದುಕೊಂಡು ಬಂದೆ. ಕಾಫಿ ಬಗ್ಗಿಸಿದೆ. ಅವರು ಬಾಯಿ ತೆರೆಯುವುದಕ್ಕೆ ಮೊದಲೇ, ಹಮೀದಾಕ ಬರುವುದಕ್ಕೂ ಮೊದಲೇ, ನಾನಾಗಿ ಬೆಲೆ ಹೇಳಿದೆ. ಹನ್ನೆರಡು ಸಾವಿರ. ಅವರು ಮೇ ತಿಂಗಳಲ್ಲಿ ಕೊಡುತ್ತೇನೆ ಎಂದದ್ದಕ್ಕಿಂತ ಸಾವಿರದ ಇನ್ನೂರು ಕಡಿಮೆ. ಇನ್ನೂ ಬೇಕಾದರೆ ಇಳಿಸೋಣ, ಗುಡ್ಡದ ಮೇಲೆ ಹಸಿರು ಇನ್ನೂ ಇದೆ, ನಾಳೆಯೇ ಹೊರಡಬಹುದು ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ.

ಉಸ್ತಾದರು ಪೂರ್ತಿ ಕೇಳಿದರು. ತರಗತಿಯಲ್ಲಿ ತಪ್ಪು ಉತ್ತರ ಹೇಳುವವನನ್ನೂ ಅವರು ಹೀಗೇ ಕೊನೆಯವರೆಗೆ ಕೇಳುತ್ತಿದ್ದಿರಬೇಕು. ಆಮೇಲೆ, ಅಮ್ಮ ಜುಲೈಯಲ್ಲಿ ತೀರಿಹೋದರು, ನಾನು ಚಾಪೆ ತೆಗೆದುಕೊಂಡು ಹೋಗಲು ಬಂದೆ ಎಂದರು.

ಅವರೇ ನಿಧಾನವಾಗಿ ಹೇಳಿದರು. "ನಾಲ್ಕು ದಿನ ಅಂದದ್ದು ಎರಡು ತಿಂಗಳಾಯಿತು, ಆಸ್ಪತ್ರೆಯಲ್ಲಿ ಚಾಪೆ ಹಾಸಲು ಬಿಡುವುದಿಲ್ಲ, ಅದಕ್ಕೇ ನಾನು ಮೊದಲೇ ಬರಲಿಲ್ಲ. ಕೊನೆಗೆ ಮನೆಗೆ ತಂದಾಗ ಅಮ್ಮನಿಗೆ ಎಲ್ಲಿದ್ದೇನೆ ಅನ್ನುವುದು ಗೊತ್ತಾಗುತ್ತಿರಲಿಲ್ಲ. ಆವತ್ತು ನೀನು ನೀರು ಬಿಟ್ಟಾಗ ನಾನು ತುಂಬಿಕೊಂಡದ್ದನ್ನು ಅವಳ ಕಿವಿಯ ಹತ್ತಿರ ಹಾಕುತ್ತಿದ್ದೆ. ಮಳೆ ಬಂತು ಅಂತ ಅವಳಿಗೆ ಖುಷಿ. ಆಮೇಲೆ ಅಳಲು ಶುರು ಮಾಡಿದಳು. ನನ್ನ ಚಾಪೆ ಹೊರಗೆ ಉಂಟು, ನೆನೆಯುತ್ತಿದೆ, ಒಳಗೆ ತನ್ನಿ ಅಂತ. ಬೇರೆ ಚಾಪೆ ತಂದು ಕೊಟ್ಟೆವು. ಕೈಯಲ್ಲಿ ಸವರಿ ನೋಡಿದಳು, ಹಸಿರು ತೇಪೆ ಹಾಕಿದ ಮೂಲೆ ಹುಡುಕಿದಳು, ಇದಲ್ಲ ಅಂದಳು."

ಕುಡಿಯದ ಬಟ್ಟಲನ್ನು ಕೆಳಗಿಟ್ಟರು. "ಅವಳ ಹತ್ತಿರದಿಂದ ಏಳಲು ನನಗೆ ಧೈರ್ಯ ಇರಲಿಲ್ಲ. ಈ ಕಡೆಗೆ ಬರುವ ಯಾರ ಕೈಯಲ್ಲಾದರೂ ಕಳಿಸು ಅಂತ ಹೇಳಲು ಮಧ್ಯಾಹ್ನ ನಿನಗೆ ಫೋನ್ ಮಾಡಿದೆ. ನೀನು ಕೆಲಸದಲ್ಲಿ ಇದ್ದಿರಬೇಕು. ಸಂಜೆಯ ನಮಾಜಿನ ಹೊತ್ತಿಗೆ ಅವಳು ಹೋದಳು. ಮತ್ತೆ ಫೋನ್ ಮಾಡುವ ಅಗತ್ಯ ಬೀಳಲಿಲ್ಲ."

ಬರ್ಕಾದಿಂದ ರುಸ್ತಾಕ್‌ಗೆ ಕಾರಿನಲ್ಲಿ ಒಂದು ಗಂಟೆ. ಆ ಮಧ್ಯಾಹ್ನ ಯಾರ್ಡಿನ ನಾಲ್ಕು ಕಾರು ಕೆಲಸವಿಲ್ಲದೆ ಖಾಲಿ ನಿಂತಿದ್ದವು.

ಮೊಳೆಯಿಂದ ಕೀಲಿ ತೆಗೆದುಕೊಂಡು ಅವರ ಮುಂದೆ ನಡೆದೆ. ನಾಲ್ಕು ತಿಂಗಳು ಮುಚ್ಚಿದ್ದ ಬಾಗಿಲು ತೆರೆದಾಗ ಬೆಂಕಿಯಂಥ ಗಾಳಿ ಮುಖಕ್ಕೆ ಹೊಡೆಯಿತು. ಚಾಪೆ ಅವರು ಹಾಸಿದ್ದಲ್ಲೇ ಇತ್ತು. ಸುರುಳಿ ಸುತ್ತಲು ಹೋದರೆ ಒಣಗಿದ ಗರಿ ಅಲ್ಲಲ್ಲಿ ಪಟಪಟ ಮುರಿಯಿತು. ಉಸ್ತಾದರು ಅರ್ಧಕ್ಕೆ ನಿಲ್ಲಿಸಿ, ಸುತ್ತದೆ, ಹಾಗೇ ಎರಡೂ ಕೈಯಲ್ಲಿ ಎತ್ತಿಕೊಂಡರು. ನಾನು ಸಹಾಯಕ್ಕೆ ಕೈ ಚಾಚಿದೆ. ಬೇಡ ಎಂದು ತಲೆಯಾಡಿಸಿದರು, ಸಿಟ್ಟಿನಿಂದ ಅಲ್ಲ. ನೆಲದ ಮೇಲೆ ಬಿದ್ದ ಗರಿಯ ಚೂರುಗಳನ್ನು ನಾನು ಬಗ್ಗಿ ಹೆಕ್ಕಿದೆ, ಏನು ಮಾಡಬೇಕೆಂದು ತಿಳಿಯದೆ ಮುಷ್ಟಿಯಲ್ಲಿ ಹಿಡಿದುಕೊಂಡೆ. ಅವರು ಚಾಪೆಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ನನಗೆ ಸಲಾಂ ಹೇಳಿ ಹೊರಟರು.

ಕಾರು ಗೇಟು ದಾಟುವಾಗ ಹಮೀದಾಕ ಬ್ಯಾಂಕಿನ ಕೆಲಸ ಮುಗಿಸಿ ಒಳಗೆ ಬರುತ್ತಿದ್ದರು. ಉಸ್ತಾದರನ್ನು ಗುರುತು ಹಿಡಿದು ಕೈ ಬೀಸಿದರು. ಆಮೇಲೆ ತೆರೆದೇ ಇದ್ದ ಮೋಟಾರ್ ಹೋಮಿನ ಬಾಗಿಲನ್ನೂ ಪಕ್ಕದಲ್ಲಿ ನಿಂತಿದ್ದ ನನ್ನನ್ನೂ ನೋಡಿ, ಮುಖ ಅರಳಿಸಿಕೊಂಡು ಹತ್ತಿರ ಬಂದು ನನ್ನ ಬೆನ್ನು ತಟ್ಟಿದರು.

"ಬಂದ ಅಲ್ವಾ ಮಾರಾಯ? ನಾನು ಹೇಳಿರಲಿಲ್ವಾ ನಿನಗೆ?"

"ಹೌದು ಹಮೀದಾಕ" ಎಂದೆ. "ಬಂದ್ರು."